ಜಿಂಕೆ ಬೇಟೆಯ ರೈಫಲ್‌ಗೆ ಗುಂಡಿನ ತೂಕ ಆರಿಸುವ ಬಗೆ

ತೋಟೆಯನ್ನು ತಾವೇ ತುಂಬಿಕೊಳ್ಳಲು ಆರಂಭಿಸಿದವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಗ್ರೇನ್‌ನ ಗುಂಡು ಹಾಕಲಿ?’ ಎಂಬುದು. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಪ್ರಾಣಿ ಯಾವುದು, ಎಷ್ಟು ದೂರದಿಂದ ಹೊಡೆಯುತ್ತೀರಿ, ಗುಂಡಿನ ಒಳರಚನೆ ಎಂಥದು, ನಳಿಗೆಯ ಸುತ್ತು ಎಷ್ಟು ಎಂಬ ನಾಲ್ಕು ವಿಷಯಗಳು ಇತ್ಯರ್ಥವಾದರೆ ತೂಕದ ಆಯ್ಕೆ ತಾನಾಗಿಯೇ ಎರಡು ಮೂರಕ್ಕೆ ಇಳಿಯುತ್ತದೆ. ಅವು ಇತ್ಯರ್ಥವಾಗುವ ಮೊದಲೇ ಆರಿಸಿದ ತೂಕ ಡಬ್ಬಿಯ ಮೇಲಿನ ಒಂದು ಅಂಕಿಯಷ್ಟೇ. ಈ ಬರಹದಲ್ಲಿ ‘ತೋಟೆ’ ಎಂದರೆ ಕೇಸ್ (ಎಲ್ಲವನ್ನೂ ಹಿಡಿದಿಡುವ ಲೋಹದ ಕವಚ), ಪ್ರೈಮರ್ (ಅದರ ತಳದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ), ಮದ್ದು, ಗುಂಡು ಎಲ್ಲ ಸೇರಿದ ಪೂರ್ಣ ಕಾಡತೂಸು. ‘ಗುಂಡು’ ಎಂದರೆ ನಳಿಗೆಯಿಂದ ಹೊರಗೆ ಹೋಗುವ ಭಾಗ ಮಾತ್ರ. ಮಾತಿನಲ್ಲಿ ಎರಡನ್ನೂ ಗುಂಡು ಎಂದೇ ಕರೆಯುವುದರಿಂದ ಈ ವ್ಯತ್ಯಾಸವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಗ್ರೇನ್ ಎಂಬುದು ಹಳೆಯ ತೂಕದ ಅಳತೆ. 7000 ಗ್ರೇನ್‌ಗೆ ಒಂದು ಪೌಂಡ್, ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. ಹಾಗಾಗಿ 150 ಗ್ರೇನ್‌ನ ಗುಂಡು ಹತ್ತು ಗ್ರಾಮಿಗೂ ತುಸು ಕಡಿಮೆ ತೂಗುತ್ತದೆ. ಮದ್ದನ್ನೂ ಇದೇ ಅಳತೆಯಲ್ಲಿ ತೂಗುವುದರಿಂದ ಟಿಪ್ಪಣಿ ಬರೆದುಕೊಳ್ಳುವಾಗ ಯಾವ ಅಂಕಿ ಮದ್ದಿನದು, ಯಾವುದು ಗುಂಡಿನದು ಎಂದು ಸ್ಪಷ್ಟವಾಗಿ ಗುರುತಿಸಿಕೊಳ್ಳಬೇಕು.

ಎಲ್ಲಕ್ಕಿಂತ ಮೊದಲು ನೀವು ಬೇಟೆಗೆ ಪರವಾನಗಿ ಪಡೆದ ಪ್ರದೇಶದ ಕಾನೂನನ್ನು ಓದಿಕೊಳ್ಳಿ. ಕೆಲವು ಕಡೆ ತೂಕದ ಕೆಳಮಿತಿಯನ್ನು ಕಾನೂನೇ ನಿಗದಿ ಮಾಡುತ್ತದೆ. ಸ್ಕಾಟ್ಲೆಂಡಿನಲ್ಲಿ ರೋ ಎಂಬ ಸಣ್ಣ ಜಿಂಕೆಯನ್ನು ಬಿಟ್ಟು ಉಳಿದ ಜಿಂಕೆಗಳಿಗೆ ಗುಂಡು ಕನಿಷ್ಠ 100 ಗ್ರೇನ್ ಇರಬೇಕೆಂಬ ನಿಯಮ ದಶಕಗಳ ಕಾಲ ಜಾರಿಯಲ್ಲಿತ್ತು. ಸೀಸವಿಲ್ಲದ ಗುಂಡು ಬಳಸುವವರಿಗೆ ಅನುಕೂಲವಾಗಲೆಂದು 2023ರಲ್ಲಿ ಅದನ್ನು 80 ಗ್ರೇನ್‌ಗೆ ಇಳಿಸಲಾಯಿತು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಬಳಸುವಂತೆಯೇ ಇಲ್ಲ. ಮುಂದೆ ಹೇಳಲಿರುವ ಹಾಗೆ, ಸೀಸ ಬಿಟ್ಟು ತಾಮ್ರಕ್ಕೆ ಬಂದರೆ ತೂಕದ ಲೆಕ್ಕವೇ ಬದಲಾಗುತ್ತದೆ.

ತೂಕ ಮಾಡುವ ಕೆಲಸ, ಮಾಡದ ಕೆಲಸ

ಒಂದೇ ವ್ಯಾಸದ ಎರಡು ಗುಂಡುಗಳಲ್ಲಿ ಭಾರವಾದದ್ದು ಉದ್ದವಾಗಿರುತ್ತದೆ. ಅದು ನಿಧಾನವಾಗಿ ಹೊರಡುತ್ತದೆ, ಗಾಳಿಯಲ್ಲಿ ವೇಗವನ್ನು ಹೆಚ್ಚು ಉಳಿಸಿಕೊಳ್ಳುತ್ತದೆ, ಮಾಂಸ ಮೂಳೆಗಳಲ್ಲಿ ಹೆಚ್ಚು ಆಳಕ್ಕೆ ಹೋಗುವ ಪ್ರವೃತ್ತಿ ತೋರಿಸುತ್ತದೆ. ಈ ಪ್ರವೃತ್ತಿಯನ್ನು ಅಂಕಿಯಲ್ಲಿ ಹೇಳುವುದಕ್ಕೆ ಸೆಕ್ಷನಲ್ ಡೆನ್ಸಿಟಿ ಎಂಬ ಲೆಕ್ಕವಿದೆ: ಗುಂಡಿನ ತೂಕವನ್ನು ಪೌಂಡಿಗೆ ಪರಿವರ್ತಿಸಿ, ಇಂಚಿನಲ್ಲಿ ಅಳೆದ ವ್ಯಾಸದ ವರ್ಗದಿಂದ ಭಾಗಿಸುವುದು. .308 ಇಂಚು ವ್ಯಾಸದ 150 ಗ್ರೇನ್‌ನ ಗುಂಡಿಗೆ 0.226, 165 ಗ್ರೇನ್‌ಗೆ 0.248, 180 ಗ್ರೇನ್‌ಗೆ 0.271 ಎಂದು ಉತ್ತರ ಬರುತ್ತದೆ. .243 ಇಂಚಿನ 100 ಗ್ರೇನ್‌ಗೂ .277 ಇಂಚಿನ 130 ಗ್ರೇನ್‌ಗೂ 0.242. ಜಿಂಕೆ ಬೇಟೆಯಲ್ಲಿ ದೀರ್ಘಕಾಲದಿಂದ ಹೆಸರು ಮಾಡಿರುವ ಈ ಎರಡು ಆಯ್ಕೆಗಳು ಬೇರೆ ಬೇರೆ ಕ್ಯಾಲಿಬರ್‌ನವಾದರೂ ಒಂದೇ ಅಂಕಿಯಲ್ಲಿ ಬಂದು ನಿಲ್ಲುವುದು ಕಾಕತಾಳೀಯವಲ್ಲ ಎಂದೇ ನನಗೆ ಅನ್ನಿಸುತ್ತದೆ.

ಆದರೆ ಈ ಅಂಕಿ ಗುಂಡು ಮುಟ್ಟುವ ಕ್ಷಣದವರೆಗೆ ಮಾತ್ರ ನಿಜ. ಒಳಗೆ ಹೋದ ಗುಂಡು ಅಣಬೆಯ ಹಾಗೆ ಅರಳಿದರೆ ವ್ಯಾಸ ಹೆಚ್ಚಾಗುತ್ತದೆ, ಒಡೆದರೆ ತೂಕ ಕಡಿಮೆಯಾಗುತ್ತದೆ. ಭುಜದ ಮೂಳೆಗೆ ತಗುಲಿದ ಕೂಡಲೇ ಚೂರಾಗುವ 180 ಗ್ರೇನ್‌ನ ಗುಂಡು, ಒಡೆಯದೆ ಮುಂದೆ ಹೋಗುವ 130 ಗ್ರೇನ್‌ನ ಗುಂಡಿಗಿಂತ ಕಡಿಮೆ ಆಳಕ್ಕೆ ಇಳಿಯಬಹುದು. ಆದ್ದರಿಂದ ಮೊದಲು ನೋಡಬೇಕಾದದ್ದು ರಚನೆ.

ಸಾಮಾನ್ಯ ಬೇಟೆಯ ಗುಂಡು ಎಂದರೆ ತಾಮ್ರದ ಹೊದಿಕೆಯೊಳಗೆ ಸೀಸದ ತಿರುಳು. ಇದು ಅಗ್ಗ, ನಿಖರ, ಮಧ್ಯಮ ವೇಗದಲ್ಲಿ ಚೆನ್ನಾಗಿ ಅರಳುತ್ತದೆ. ತೀರಾ ಹತ್ತಿರದಲ್ಲಿ, ಅತಿ ವೇಗದಲ್ಲಿ ತಗುಲಿದರೆ ತಿರುಳು ಹೊದಿಕೆಯಿಂದ ಬೇರೆಯಾಗಿ ಒಡೆಯುವ ಸಾಧ್ಯತೆ ಇದೆ. ಈ ದೋಷಕ್ಕೆ ಪರಿಹಾರವಾಗಿ ಹೊದಿಕೆಗೂ ತಿರುಳಿಗೂ ಬೆಸುಗೆ ಹಾಕಿದ ಬಾಂಡೆಡ್ ಗುಂಡುಗಳು ಬಂದವು. ಅದಕ್ಕೂ ಬಹಳ ಮೊದಲು, 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋಗಿದ್ದ ಜಾನ್ ನೋಸ್ಲರ್ ಅವರ ಗುಂಡುಗಳು ಪ್ರಾಣಿಯ ದೇಹದಲ್ಲಿ ಆಳಕ್ಕೆ ಇಳಿಯದೆ ಹೋದದ್ದರಿಂದ, ನಡುವೆ ತಾಮ್ರದ ಅಡ್ಡಗೋಡೆ ಇರುವ ಪಾರ್ಟಿಷನ್ ಗುಂಡನ್ನು ಅವರು ರೂಪಿಸಿದರು. ಮುಂಭಾಗ ಅರಳಿ ಕರಗಿಹೋದರೂ ಗೋಡೆಯ ಹಿಂದಿನ ಭಾಗ ಇಡಿಯಾಗಿ ಮುಂದೆ ಹೋಗುತ್ತದೆ. ಕೊನೆಯದು ಪೂರ್ತಿ ತಾಮ್ರದ ಅಥವಾ ತಾಮ್ರ ಮಿಶ್ರಲೋಹದ ಗುಂಡು. ಇದು ದಳದಳವಾಗಿ ಬಿಚ್ಚಿಕೊಂಡರೂ ತನ್ನ ತೂಕವನ್ನು ಬಹುತೇಕ ಪೂರ್ತಿಯಾಗಿ ಉಳಿಸಿಕೊಳ್ಳುತ್ತದೆ.

ಇದರಿಂದ ಒಂದು ಸರಳ ಸೂತ್ರ ಹೊರಡುತ್ತದೆ. ರಚನೆ ಗಟ್ಟಿಯಾದಷ್ಟೂ ತೂಕದಲ್ಲಿ ಒಂದು ಮೆಟ್ಟಿಲು ಕೆಳಗೆ ಇಳಿಯಬಹುದು. .30 ಕ್ಯಾಲಿಬರ್‌ನಲ್ಲಿ, ಅಂದರೆ .308 ಇಂಚು ವ್ಯಾಸದಲ್ಲಿ, ಸಾಮಾನ್ಯ ಸೀಸದ ತಿರುಳಿನ 165 ಗ್ರೇನ್ ಬಳಸುತ್ತಿದ್ದವರು ತಾಮ್ರದ ಗುಂಡಿಗೆ ಬಂದಾಗ 150 ಅಥವಾ 130 ಗ್ರೇನ್ ಆರಿಸಿದರೆ ಆಳದಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ, ವೇಗದಲ್ಲಿ ಗಳಿಸುವುದಿದೆ. ಆ ವೇಗ ತಾಮ್ರಕ್ಕೆ ಬೇಕೇ ಬೇಕು. ಹೆಚ್ಚಿನ ತಾಮ್ರದ ಗುಂಡುಗಳು ಸೆಕೆಂಡಿಗೆ 1800ರಿಂದ 2000 ಅಡಿಗಿಂತ ಕಡಿಮೆ ವೇಗದಲ್ಲಿ ತಗುಲಿದರೆ ಸರಿಯಾಗಿ ಬಿಚ್ಚಿಕೊಳ್ಳದೆ, ಪೆನ್ಸಿಲ್ ಗಾತ್ರದ ತೂತು ಮಾಡಿ ಆಚೆಗೆ ಹೋಗಿಬಿಡುತ್ತವೆ. ಗುಂಡು ಅರಳುವುದಕ್ಕೆ ಬೇಕಾದ ಕನಿಷ್ಠ ವೇಗವನ್ನು ತಯಾರಕರು ಪ್ರಕಟಿಸುತ್ತಾರೆ. ತೂಕಕ್ಕಿಂತ ಮೊದಲು ಆ ಅಂಕಿಯನ್ನು ಹುಡುಕಿ ಓದಿ.

ಗುರಿಪಂದ್ಯದ ಗುಂಡುಗಳ ಬಗ್ಗೆ ಒಂದೇ ಮಾತು. ಕಾಗದದ ಮೇಲೆ ಅವು ಎಷ್ಟೇ ಚೆನ್ನಾಗಿ ಗುಂಪು ಕೂಡಲಿ, ಬೇಟೆಗೆಂದು ತಯಾರಾಗದ ಗುಂಡನ್ನು ಪ್ರಾಣಿಯ ಮೇಲೆ ಬಳಸಬೇಡಿ.

ದೂರ ಮತ್ತು ವೇಗ

ಈಗ ನಿಮ್ಮ ಬೇಟೆಯ ಅತಿ ಹತ್ತಿರದ ಮತ್ತು ಅತಿ ದೂರದ ಹೊಡೆತಗಳನ್ನು ಪ್ರಾಮಾಣಿಕವಾಗಿ ಬರೆದುಕೊಳ್ಳಿ. ಆಸೆಯ ದೂರವನ್ನಲ್ಲ, ನಿಜವಾಗಿ ಹೊಡೆಯುವ ದೂರವನ್ನು. ದಟ್ಟ ಕಾಡಿನಲ್ಲಿ ಅದು 30ರಿಂದ 100 ಗಜ ಇರಬಹುದು, ಬಯಲಿನಲ್ಲಿ 150ರಿಂದ 300 ಗಜ.

.308 ವಿಂಚೆಸ್ಟರ್ ಎಂಬ ತೋಟೆಯಿಂದ 150 ಗ್ರೇನ್‌ನ ಮೊನೆಯಾದ ಗುಂಡು ಸೆಕೆಂಡಿಗೆ 2800 ಅಡಿ ವೇಗದಲ್ಲಿ ಹೊರಟರೆ 300 ಗಜದಲ್ಲಿ ಅದರ ವೇಗ ಸುಮಾರು 2150 ಅಡಿ ಇರುತ್ತದೆ. ಸೀಸದ ಗುಂಡಿಗೂ ತಾಮ್ರದ ಗುಂಡಿಗೂ ಅದು ಸಾಕು. .30-30 ವಿಂಚೆಸ್ಟರ್‌ನ 150 ಗ್ರೇನ್‌ನ ಚಪ್ಪಟೆ ಮೂತಿಯ ಗುಂಡು 2400 ಅಡಿಗೂ ಕಡಿಮೆ ವೇಗದಲ್ಲಿ ಹೊರಟು 200 ಗಜದಲ್ಲೇ 1700ಕ್ಕಿಂತ ಕೆಳಗೆ ಇಳಿಯುತ್ತದೆ. ತೂಕ ಎರಡರಲ್ಲೂ ಒಂದೇ, ಆದರೆ ಎರಡನೆಯದಕ್ಕೆ ಮೃದುವಾಗಿ ಅರಳುವ ಗುಂಡೇ ಬೇಕು. .30-30ರ ಮಟ್ಟಿಗೆ ಇನ್ನೊಂದು ಎಚ್ಚರಿಕೆ ಇದೆ: ನಳಿಗೆಯ ಕೆಳಗೆ ಕೊಳವೆಯಾಕಾರದ ಮ್ಯಾಗಜಿನ್ ಇರುವ ರೈಫಲ್‌ಗಳಲ್ಲಿ ತೋಟೆಗಳು ಒಂದರ ಹಿಂದೆ ಒಂದು ಕೂರುತ್ತವೆ, ಮೊನೆಯಾದ ಗಟ್ಟಿ ಗುಂಡು ಮುಂದಿನ ತೋಟೆಯ ಪ್ರೈಮರ್‌ಗೆ ಒತ್ತಿಕೊಂಡು ನಿಲ್ಲುತ್ತದೆ. ಒದೆತಕ್ಕೆ ಅದು ಒಳಗೇ ಸಿಡಿಯಬಹುದು. ಅಂಥ ರೈಫಲ್‌ಗೆ ಚಪ್ಪಟೆ ಮೂತಿಯ ಗುಂಡು, ಅಥವಾ ಕೊಳವೆ ಮ್ಯಾಗಜಿನ್‌ಗೆಂದೇ ತಯಾರಾದ ಮೃದು ತುದಿಯ ಗುಂಡು ಮಾತ್ರ.

ಹತ್ತಿರದ ಹೊಡೆತ ತರುವ ತೊಂದರೆ ಇದಕ್ಕೆ ವಿರುದ್ಧವಾದದ್ದು. .30-06ರಂಥ ತೋಟೆಯಲ್ಲಿ ಮೃದು ರಚನೆಯ ಹಗುರ ಗುಂಡು 40 ಗಜದಲ್ಲಿ ಭುಜಕ್ಕೆ ತಗುಲಿದರೆ ಮಾಂಸವೆಲ್ಲ ರಕ್ತ ಹೆಪ್ಪುಗಟ್ಟಿ ಹಾಳಾಗುತ್ತದೆ, ಕೆಲವೊಮ್ಮೆ ಗುಂಡು ಶ್ವಾಸಕೋಶವನ್ನು ತಲುಪುವ ಮೊದಲೇ ಒಡೆದಿರುತ್ತದೆ. ಇಲ್ಲಿ ತೂಕವನ್ನು ಒಂದು ಮೆಟ್ಟಿಲು ಹೆಚ್ಚಿಸುವುದು ನಿಜವಾಗಿ ಉಪಕಾರಿ. ಭಾರವಾದ ಗುಂಡು ನಿಧಾನವಾಗಿ ತಗುಲುವುದರಿಂದ ಒಡೆಯುವುದು ಕಡಿಮೆ, ಒಡೆದರೂ ಮುಂದೆ ಹೋಗಲು ಇನ್ನಷ್ಟು ಲೋಹ ಉಳಿದಿರುತ್ತದೆ. ಗುಂಡು ಆಚೆ ಬದಿಯಿಂದ ಹೊರಬರುವುದೇ ನನಗೆ ಇಷ್ಟ. ಗುಂಡು ತಗುಲಿದ ಜಿಂಕೆ ನಿಂತಲ್ಲೇ ಬೀಳದೆ ಐವತ್ತು ನೂರು ಗಜ ಓಡುವುದು ಸಾಮಾನ್ಯ, ಆಗ ಎರಡು ತೂತುಗಳಿಂದ ಬಿದ್ದ ರಕ್ತದ ಜಾಡು ಹುಡುಕುವವನ ಕೆಲಸವನ್ನು ಬಹಳ ಹಗುರ ಮಾಡುತ್ತದೆ. ಗಾಯಗೊಂಡ ಪ್ರಾಣಿಯನ್ನು ಪೊದೆಯಲ್ಲಿ ಬಿಟ್ಟು ಬರುವುದಕ್ಕಿಂತ ಅರ್ಧ ಕಿಲೋ ಮಾಂಸ ಹಾಳಾಗುವುದು ಮೇಲು.

ತೂಕ ಹೆಚ್ಚಿದರೆ ಗುಂಡು ಬಹಳ ಕೆಳಗೆ ಬೀಳುತ್ತದೆ ಎಂಬ ಭಯ ಅನೇಕರಿಗಿದೆ. 200 ಗಜಕ್ಕೆ ಗುರಿ ಹೊಂದಿಸಿದ .30-06ರಲ್ಲಿ 150 ಮತ್ತು 180 ಗ್ರೇನ್‌ಗಳ ನಡುವೆ 300 ಗಜದಲ್ಲಿ ಬರುವ ವ್ಯತ್ಯಾಸ ಒಂದೆರಡು ಇಂಚು. ಬೇಟೆಗಾರನ ಕೈ ಅದಕ್ಕಿಂತ ಹೆಚ್ಚು ಅಲುಗುತ್ತದೆ.

ನಳಿಗೆಯ ಸುತ್ತು

ನಳಿಗೆಯೊಳಗಿನ ಸುರುಳಿ ಗೆರೆಗಳು ಎಷ್ಟು ಇಂಚಿಗೆ ಒಂದು ಪೂರ್ಣ ಸುತ್ತು ಹಾಕುತ್ತವೆ ಎಂಬುದೇ ಟ್ವಿಸ್ಟ್. 10 ಇಂಚಿಗೆ ಒಂದು ಸುತ್ತು ಎಂದರೆ 12 ಇಂಚಿಗೆ ಒಂದು ಸುತ್ತಿಗಿಂತ ವೇಗದ ಟ್ವಿಸ್ಟ್. ಉದ್ದವಾದ ಗುಂಡನ್ನು ಹೊರಳದೆ ನೇರವಾಗಿ ಹಾರಿಸಲು ವೇಗದ ಟ್ವಿಸ್ಟ್ ಬೇಕು. ಗಮನಿಸಬೇಕಾದದ್ದು ಉದ್ದವನ್ನು, ತೂಕವನ್ನಲ್ಲ. ತೂಕ ಹೆಚ್ಚಿದರೆ ಉದ್ದವೂ ಹೆಚ್ಚುತ್ತದೆ ಎಂಬ ಕಾರಣಕ್ಕೆ ಮಾತ್ರ ತೂಕದ ಮಾತು ಬರುತ್ತದೆ.

ಈ ಪಾಠವನ್ನು ನಾನು ಕಲಿತದ್ದು ನನ್ನದೇ .243 ರೈಫಲ್‌ನಿಂದ. ಅದರ ಟ್ವಿಸ್ಟ್ 10 ಇಂಚಿಗೆ ಒಂದು. 100 ಗ್ರೇನ್‌ನ ಸಾಮಾನ್ಯ ಗುಂಡು ಅದರಲ್ಲಿ ಚೆನ್ನಾಗಿ ಹೊಡೆಯುತ್ತಿತ್ತು. ಐದೇ ಗ್ರೇನ್ ಹೆಚ್ಚು ತಾನೇ ಎಂದು 105 ಗ್ರೇನ್‌ನ ಉದ್ದ ಮೂತಿಯ, ದೋಣಿ ಬಾಲದ (ಹಿಂಭಾಗ ಕಿರಿದಾಗುವ) ಗುಂಡನ್ನು ತುಂಬಿಕೊಂಡು ಹೋದೆ. 50 ಗಜದ ಕಾಗದದ ಮೇಲೆ ಬಿದ್ದ ಮೊದಲ ಮೂರು ತೂತುಗಳು ಮೊಟ್ಟೆಯಾಕಾರದಲ್ಲಿದ್ದವು, ನಾಲ್ಕನೆಯದು ಗುಂಡಿನ ಪಾರ್ಶ್ವಚಿತ್ರವನ್ನೇ ಕತ್ತರಿಸಿಟ್ಟ ಹಾಗಿತ್ತು: ಮೂತಿ ಒಂದು ಕಡೆ, ಬಾಲ ಇನ್ನೊಂದು ಕಡೆ. ಗುಂಡು ಅಡ್ಡಡ್ಡವಾಗಿ ಹಾರುತ್ತಿತ್ತು. ಡಬ್ಬಿಯ ಬದಿಯಲ್ಲಿ ಬೇಕಾದ ಟ್ವಿಸ್ಟ್ ಎಷ್ಟೆಂದು ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು, ನಾನು ಓದಿರಲಿಲ್ಲ.

ನಿಮ್ಮ ನಳಿಗೆಯ ಟ್ವಿಸ್ಟ್ ತಿಳಿಯದಿದ್ದರೆ ಅಳೆಯುವುದು ಸುಲಭ. ರೈಫಲ್ ಖಾಲಿ ಇದೆಯೆಂದು ಎರಡು ಬಾರಿ ಖಚಿತಪಡಿಸಿಕೊಂಡು ಬೋಲ್ಟ್ ತೆಗೆಯಿರಿ. ಹಿಡಿಯೊಳಗೆ ಸರಾಗವಾಗಿ ತಿರುಗುವ ಕ್ಲೀನಿಂಗ್ ರಾಡ್‌ಗೆ ಬಿಗಿಯಾದ ಬಟ್ಟೆಯ ತುಂಡು ಸಿಕ್ಕಿಸಿ, ಒಂದಷ್ಟು ದೂರ ಒಳಗೆ ತಳ್ಳಿ ನಿಲ್ಲಿಸಿ. ರಾಡ್‌ನ ಮೇಲ್ಬದಿಯಲ್ಲಿ, ಬೋಲ್ಟ್ ಕೂರುವ ಭಾಗವಾದ ರಿಸೀವರ್‌ನ ಅಂಚಿಗೆ ಸರಿಯಾಗಿ ಒಂದು ಗುರುತು ಹಾಕಿ. ನಿಧಾನವಾಗಿ ತಳ್ಳುತ್ತಾ ಹೋಗಿ. ಗುರುತು ಒಂದು ಸುತ್ತು ತಿರುಗಿ ಮತ್ತೆ ಮೇಲೆ ಬಂದಾಗ ಅದೇ ಅಂಚಿಗೆ ಇನ್ನೊಂದು ಗುರುತು ಹಾಕಿ. ಎರಡು ಗುರುತುಗಳ ನಡುವಿನ ದೂರವೇ ಟ್ವಿಸ್ಟ್. ಬಟ್ಟೆ ಜಾರುವ ಸಾಧ್ಯತೆ ಇರುವುದರಿಂದ ಮೂರು ಸಲ ಮಾಡಿ ಸರಾಸರಿ ತೆಗೆದುಕೊಳ್ಳಿ.

ಆಮೇಲಿನ ಲೆಕ್ಕಕ್ಕೆ 1879ರಲ್ಲಿ ಬ್ರಿಟನ್ನಿನ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ ಕೊಟ್ಟ ಸೂತ್ರ ಇಂದಿಗೂ ಅಂದಾಜಿಗೆ ಸಾಕಾಗುತ್ತದೆ. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿದರೆ ಬೇಕಾದ ಟ್ವಿಸ್ಟ್ ಇಂಚಿನಲ್ಲಿ ಬರುತ್ತದೆ. ವೇಗ ಸೆಕೆಂಡಿಗೆ 2800 ಅಡಿ ದಾಟಿದರೆ 150ರ ಬದಲು 180 ಬಳಸುವುದು ರೂಢಿ. ನನ್ನ .243ಕ್ಕೆ ಇದನ್ನು ತಿರುಗಿಸಿ ಮಾಡಿದರೆ 10 ಇಂಚಿನ ಟ್ವಿಸ್ಟ್ ತಡೆದುಕೊಳ್ಳುವ ಗರಿಷ್ಠ ಉದ್ದ ಸುಮಾರು 1.06 ಇಂಚು ಎಂದು ಸಿಗುತ್ತದೆ. 1.2 ಇಂಚಿನ ಗುಂಡಿಗೆ 9 ಇಂಚಿಗಿಂತ ವೇಗದ ಟ್ವಿಸ್ಟ್ ಬೇಕು. ಆ ದಿನ ಕಾಗದದ ಮೇಲೆ ಕಂಡದ್ದು ಈ ಲೆಕ್ಕವೇ. ಸೂತ್ರ ಸೀಸದ ತಿರುಳಿನ ಗುಂಡನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಮ್, ತಾಮ್ರದ್ದು 9ಕ್ಕೂ ತುಸು ಕಡಿಮೆ. ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಿರುವುದಲ್ಲದೆ ಅದಕ್ಕೆ ಬಂದ ಉತ್ತರವನ್ನು ಇನ್ನೂ ಸುಮಾರು ಶೇ. 10ರಷ್ಟು ಇಳಿಸಿಕೊಳ್ಳಬೇಕಾಗುತ್ತದೆ. ತಾಮ್ರಕ್ಕೆ ಬಂದಾಗ ಹಗುರ ತೂಕ ಆರಿಸಬೇಕೆನ್ನಲು ಇದು ಎರಡನೆಯ ಕಾರಣ.

ಎಲ್ಲಿಂದ ಆರಂಭಿಸುವುದು

ರೋ ಜಿಂಕೆಯಂಥ 20–30 ಕಿಲೋ ತೂಗುವ ಪ್ರಾಣಿಯಿಂದ ಹಿಡಿದು ನೂರು ಕಿಲೋ ಮುಟ್ಟುವ ಬಿಳಿಬಾಲದ ಗಂಡು ಜಿಂಕೆಯವರೆಗೆ, ಸಾಮಾನ್ಯ ಸೀಸದ ತಿರುಳಿನ ಗುಂಡಾದರೆ, .243ಕ್ಕೆ 95ರಿಂದ 100 ಗ್ರೇನ್, 6.5 ಕ್ರೀಡ್‌ಮೂರ್ ಮತ್ತು 6.5×55ಕ್ಕೆ 120ರಿಂದ 140, .270 ವಿಂಚೆಸ್ಟರ್‌ಗೆ 130, 7 ಮಿ.ಮೀ.-08ಕ್ಕೆ 140, .308 ಮತ್ತು .30-06ಕ್ಕೆ 150ರಿಂದ 165 ಗ್ರೇನ್‌ನಿಂದ ಆರಂಭಿಸಿ. ಯಾವ ಕ್ಯಾಲಿಬರ್‌ನಲ್ಲಾದರೂ ತಯಾರಕರ ಪಟ್ಟಿಯ ನಡುವಿನ ತೂಕವನ್ನು ಮೊದಲು ಪ್ರಯತ್ನಿಸುವವನು ಅಪರೂಪಕ್ಕೆ ಮಾತ್ರ ಪಶ್ಚಾತ್ತಾಪ ಪಡುತ್ತಾನೆ. .243ರಲ್ಲಿ ಸಿಗುವ 55ರಿಂದ 75 ಗ್ರೇನ್‌ನ ಗುಂಡುಗಳಲ್ಲಿ ಹೆಚ್ಚಿನವು ಸಣ್ಣ ಪ್ರಾಣಿಗಳಿಗೆಂದು ಮುಟ್ಟಿದ ಕೂಡಲೇ ಸಿಡಿಯುವಂತೆ ಮಾಡಿದವು, ಜಿಂಕೆಗೆ ಅವು ಸಲ್ಲ. 150 ಕಿಲೋ ದಾಟುವ ಕೆಂಜಿಂಕೆಯ ಗಂಡಿಗೆ ಒಂದು ಮೆಟ್ಟಿಲು ಮೇಲೆ ಹೋಗಿ, ಅಥವಾ ತೂಕವನ್ನು ಹಾಗೇ ಇಟ್ಟು ಬಾಂಡೆಡ್ ರಚನೆಗೆ ಬದಲಾಯಿಸಿ. ಎರಡನೆಯ ದಾರಿ ಭುಜಕ್ಕೂ ಹಿತ.

ಏಕೆಂದರೆ ಒದೆತ ಸಣ್ಣ ವಿಷಯವಲ್ಲ. ಸೆಕೆಂಡಿಗೆ 2800 ಅಡಿಯ 150 ಗ್ರೇನ್‌ಗೆ ಸುಮಾರು 2610 ಅಡಿ-ಪೌಂಡ್ ಶಕ್ತಿ, 2600 ಅಡಿಯ 180 ಗ್ರೇನ್‌ಗೆ ಸುಮಾರು 2700. ಗಳಿಕೆ ಶೇ. 3.5ರ ಸುಮಾರು. ಆದರೆ ತೂಕವನ್ನು ವೇಗದಿಂದ ಗುಣಿಸಿ ನೋಡಿದರೆ ಭಾರದ ಗುಂಡು ಶೇ. 11ರಷ್ಟು ಹೆಚ್ಚು ತಳ್ಳುತ್ತದೆ, ಭುಜಕ್ಕೆ ಬರುವ ಒದೆತದ ಶಕ್ತಿ ಅದಕ್ಕಿಂತಲೂ ಹೆಚ್ಚು ಪ್ರಮಾಣದಲ್ಲಿ ಏರುತ್ತದೆ. ಒದೆತಕ್ಕೆ ಹೆದರಿ ಕಣ್ಣು ಮುಚ್ಚುವವನ ಕೈಯಲ್ಲಿ ಯಾವ ತೂಕವೂ ಸರಿಯಾದ ತೂಕವಲ್ಲ.

ಮೇಜಿನ ಮೇಲಿನ ಕೆಲಸ

ತೂಕ ಬದಲಾಯಿತೆಂದರೆ ಲೋಡ್, ಅಂದರೆ ಗುಂಡು, ಮದ್ದು, ಪ್ರೈಮರ್‌ಗಳ ಹೊಂದಿಕೆ, ಹೊಸದಾಯಿತು. 150 ಗ್ರೇನ್‌ಗೆ ಸರಿಹೊಂದಿದ ಮದ್ದಿನ ಪ್ರಮಾಣವನ್ನು 165ರ ಹಿಂದೆ ಹಾಕಬಾರದು. ಭಾರವಾದ ಗುಂಡು ನಿಧಾನವಾಗಿ ಚಲಿಸಲು ಆರಂಭಿಸುವುದರಿಂದ ಒತ್ತಡ ಏರುತ್ತದೆ. .308 ವಿಂಚೆಸ್ಟರ್‌ಗೆ ಅಮೆರಿಕದ ಕೈಗಾರಿಕಾ ಮಾನದಂಡ ಒಪ್ಪುವ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್, ಮತ್ತು ಅದು ನಿಮ್ಮ ಮುಖದಿಂದ ಒಂದು ಗೇಣು ದೂರದಲ್ಲಿ ಉಂಟಾಗುತ್ತದೆ. ಒಂದೇ ತೂಕದ ಎರಡು ಗುಂಡುಗಳೂ ಒಂದೇ ಅಲ್ಲ. ತಾಮ್ರದ ಗುಂಡು ಗಟ್ಟಿ, ನಳಿಗೆಗೆ ಉಜ್ಜುವ ಮೈಯೂ ಬೇರೆ; ಅದಕ್ಕೆ ಆ ಗುಂಡಿನ ತಯಾರಕರೇ ಕೊಟ್ಟ ದತ್ತಾಂಶ ಬೇಕು. ಭಾರದ ಗುಂಡುಗಳಿಗೆ ಸಾಮಾನ್ಯವಾಗಿ ನಿಧಾನವಾಗಿ ಉರಿಯುವ ಮದ್ದು ಹೊಂದುತ್ತದೆ ಎಂಬುದು ತೋಟೆ ತುಂಬುವ ಕೈಪಿಡಿಯ ಕೋಷ್ಟಕಗಳನ್ನು ಓದುತ್ತಿದ್ದಂತೆ ನಿಮಗೇ ಕಾಣುತ್ತದೆ.

ಕೈಪಿಡಿ ಹೇಳಿದ ಆರಂಭದ ಪ್ರಮಾಣದಿಂದಲೇ ಹೊರಡಿ; ಗರಿಷ್ಠ ಪ್ರಮಾಣ ಮಾತ್ರ ಕೊಟ್ಟಿದ್ದು, ಮದ್ದನ್ನು ಕಡಿಮೆ ಮಾಡಬಾರದೆಂಬ ಎಚ್ಚರಿಕೆ ಇಲ್ಲದಿದ್ದರೆ ಅದಕ್ಕಿಂತ ಶೇ. 10 ಕೆಳಗಿನಿಂದ. .308 ಗಾತ್ರದ ಕೇಸ್‌ನಲ್ಲಿ 0.3ರಿಂದ 0.5 ಗ್ರೇನ್‌ನಂತೆ ಏರಿಸುತ್ತಾ ಹೋಗಿ, ಪ್ರತಿ ಹೊಡೆತದ ನಂತರ ಕೇಸ್ ಕೈಗೆತ್ತಿಕೊಂಡು ನೋಡಿ. ಬೋಲ್ಟ್ ಎತ್ತುವಾಗ ಬಿಗಿಯೆನಿಸಿದರೆ, ಪ್ರೈಮರ್‌ನ ದುಂಡಗಿನ ಅಂಚು ಚಪ್ಪಟೆಯಾಗಿ ಸುತ್ತಲಿನ ಗುಳಿಯನ್ನು ತುಂಬಿಕೊಂಡಿದ್ದರೆ, ಕೇಸ್‌ನ ತಳದಲ್ಲಿ ಇಜೆಕ್ಟರ್‌ನ (ಖಾಲಿ ಕೇಸನ್ನು ಹೊರಗೆ ಚಿಮ್ಮಿಸುವ ಭಾಗದ) ಹೊಳೆಯುವ ಗುರುತು ಮೂಡಿದ್ದರೆ ಅಲ್ಲಿಗೇ ನಿಲ್ಲಿಸಿ, ಉಳಿದ ತೋಟೆಗಳನ್ನು ಬಿಚ್ಚಿಹಾಕಿ. ಆದರೆ ಈ ಲಕ್ಷಣಗಳು ಯಾವುದೂ ಕಾಣದಿದ್ದ ಮಾತ್ರಕ್ಕೆ ಒತ್ತಡ ಸುರಕ್ಷಿತವೆಂದು ಅರ್ಥವಲ್ಲ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟುಕೊಂಡರೆ ಇನ್ನೊಂದು ಸಾಕ್ಷಿ ಸಿಗುತ್ತದೆ: ಅಷ್ಟೇ ಉದ್ದದ ನಳಿಗೆಗೆ ಕೈಪಿಡಿ ಹೇಳಿದ ಗರಿಷ್ಠ ವೇಗವನ್ನು ನೀವು ಕಡಿಮೆ ಮದ್ದಿನಲ್ಲೇ ಮುಟ್ಟಿದ್ದರೆ ಒತ್ತಡವನ್ನೂ ಆಗಲೇ ಮುಟ್ಟಿದ್ದೀರಿ.

ಉದ್ದದ ಗುಂಡು ಇನ್ನೊಂದು ತೊಡಕು ತರುತ್ತದೆ. .308 ತೋಟೆಯ ಒಟ್ಟು ಉದ್ದ ಮಾನದಂಡದ ಪ್ರಕಾರ ಸುಮಾರು 2.8 ಇಂಚು ದಾಟುವಂತಿಲ್ಲ, ದಾಟಿದರೆ ಅನೇಕ ಮ್ಯಾಗಜಿನ್‌ಗಳಲ್ಲಿ ಕೂರುವುದೂ ಇಲ್ಲ. ಉದ್ದದ ಗುಂಡನ್ನು ಆ ಮಿತಿಯೊಳಗೆ ತರಬೇಕಾದರೆ ಕೇಸ್‌ನೊಳಗೆ ಆಳವಾಗಿ ಕೂರಿಸಬೇಕು, ಅಷ್ಟು ಜಾಗ ಮದ್ದಿಗೆ ಕಡಿಮೆಯಾಗುತ್ತದೆ, ಒತ್ತಡ ಮತ್ತೆ ಏರುತ್ತದೆ. 180 ಗ್ರೇನ್ .30-06ರಲ್ಲಿ ಆರಾಮವಾಗಿ ಕೂರುತ್ತದೆ, .308ರಲ್ಲಿ ಇಕ್ಕಟ್ಟು. .308ಕ್ಕೆ 165ನ್ನು ನಾನು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ.

ಎರಡು ತೂಕಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಎರಡನ್ನೂ ಒಂದೊಂದು ಡಬ್ಬಿ ತಂದು ರೈಫಲ್‌ನ ಅಭಿಪ್ರಾಯ ಕೇಳುವುದೇ ಸರಿ. ಮೂರು ಗುಂಡಿನ ಗುಂಪು ಮೋಸ ಮಾಡುತ್ತದೆ. ಐದರ ಗುಂಪನ್ನು ಎರಡು ಬೇರೆ ದಿನ ಹೊಡೆದು ನೋಡಿ. ಬಿಳಿಬಾಲದ ಜಿಂಕೆಯ ಎದೆಯ ಮರ್ಮಸ್ಥಾನ ಸುಮಾರು 8 ಇಂಚು, ರೋ ಜಿಂಕೆಯದು ಅದಕ್ಕಿಂತ ಸಣ್ಣದು. 100 ಗಜದಲ್ಲಿ ಒಂದೂವರೆ ಇಂಚಿನೊಳಗೆ ಬರುವ ಲೋಡ್ ಬೇಟೆಗೆ ಸಾಲುತ್ತದೆ. ಅರ್ಧ ಇಂಚಿನ ಆಸೆಗೆ ತಪ್ಪು ರಚನೆಯ ಗುಂಡನ್ನು ಆರಿಸಬೇಡಿ. ಚಳಿಯಲ್ಲಿ ಗರಿಷ್ಠಕ್ಕೆ ಏರಿಸಿದ ಲೋಡ್ ಬಿಸಿಲಿನಲ್ಲಿ ಮಿತಿ ದಾಟಬಹುದು, ಹಾಗಾಗಿ ಕೊನೆಯ ಮೆಟ್ಟಿಲನ್ನು ಖಾಲಿ ಬಿಡಿ.

ಕೆಲಸ ನಡೆಯುವಾಗ ಮೇಜಿನ ಮೇಲೆ ಒಂದೇ ಡಬ್ಬಿ ಗುಂಡು, ಒಂದೇ ಡಬ್ಬಿ ಮದ್ದು ಇರಲಿ. 150 ಮತ್ತು 165ರ ಗುಂಡುಗಳನ್ನು ಬೆರಳುಗಳ ನಡುವೆ ಹಿಡಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಡಬ್ಬಿಯಿಂದ ಹೊರಗೆ ಬಿದ್ದ ಗುಂಡನ್ನು ತಕ್ಕಡಿಗೆ ಹಾಕದೆ ತಿರುಗಿ ಡಬ್ಬಿಗೆ ಸೇರಿಸಬೇಡಿ. ತುಂಬಿದ ತೋಟೆಗಳ ಡಬ್ಬಿಯ ಮೇಲೆ ಗುಂಡಿನ ಹೆಸರು, ತೂಕ, ಮದ್ದಿನ ಹೆಸರು ಮತ್ತು ಪ್ರಮಾಣ, ಪ್ರೈಮರ್, ಒಟ್ಟು ಉದ್ದ, ತುಂಬಿದ ದಿನಾಂಕ, ಯಾವ ರೈಫಲ್‌ಗೆ ಎಂಬುದನ್ನು ಅಂದೇ ಬರೆದು ಅಂಟಿಸಿ.